ಭಜಿ ವಾಸನೆಯ ಗಾಡಿ

ಪಾರ್ವತಿಬಾಯಿ ಆಡುಗಳ ಜೊತೆ ಕೂತು ಅಕ್ಕಲಕೋಟೆಗೆ ಹೋದ ಸುದ್ದಿ, ಆಕೆ ದರ್ಶನ ಮುಗಿಸಿ ಹಿಂದಿರುಗುವ ಮೊದಲೇ ವಳಸಂಗಕ್ಕೆ ಬಂದು ಮನೆಮನೆ ತಿರುಗಿತ್ತು. ಗುರುವಾರ ತಪ್ಪದೆ ಸ್ವಾಮಿಗಳ ದರ್ಶನಕ್ಕೆ ಹೋಗುವ ಮುದುಕಿ. ಆ ಗುರುವಾರ ಮೊಮ್ಮಗಳು ಶೀತಲ, "ಎಸ್‌ಟಿ ಬಸ್ ಯಾಕ ಬೇಕು ಆಯಿ, ನನ್ನ ಗಾಡಿ ಐತಲ್ಲ" ಎಂದು ಹುರುಪಿನಿಂದ ಹತ್ತಿಸಿಕೊಂಡು ಹೊರಟಿದ್ದಳು. ಅರ್ಧ ದಾರಿಯಲ್ಲಿ ಗಾಡಿ ಕೆಮ್ಮಿತು, ನಡುಗಿತು, ಬಿಳಿ ಹೊಗೆ ಬಿಟ್ಟು ನಿಂತೇಬಿಟ್ಟಿತು. ಹಿಂದಿನಿಂದ ಬಂದ ಟೆಂಪೊದವನು ಪುಣ್ಯಾತ್ಮ, ಮುದುಕಿಯನ್ನು ಹತ್ತಿಸಿಕೊಂಡ. ಟೆಂಪೊದಲ್ಲಿ ಆಗಲೇ ಸಂತೆಗೆ ಹೊರಟ ಆಡುಗಳಿದ್ದವು. ಸ್ವಾಮಿಗಳಿಗೆಂದು ಒಯ್ದ ಹೂವಿನ ಹಾರದಲ್ಲಿ ಅರ್ಧ ಆಡಿನ ಪಾಲಾಯಿತು, ಉಳಿದದ್ದು ದೇವರ ಪಾಲಾಯಿತು.

ಸಂಜೆ ಶೀತಲಳ ಅಪ್ಪ ಧರ್ಮರಾಜ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತ. ಮಾತು ಕಡಿಮೆಯ ಮನುಷ್ಯ. ಆದರೆ ಬಾಯಿಂದ ಬಿದ್ದ ಮಾತು ಪಂಚಾಯತಿ ಠರಾವಿನ ಹಾಗೆ, ತಿದ್ದುಪಡಿ ಇಲ್ಲ.

"ಬರೂ ಗುರುವಾರ ಇದ ಗಾಡ್ಯಾಗ ಆಯಿನ್ನ ಅಕ್ಕಲಕೋಟಕ್ಕ ಕರಕೊಂಡು ಹೋಗಿ ಬಾ. ದಾರ್ಯಾಗ ಒಮ್ಮಿ ನಿಂತಿತಂದ್ರ ಮಾರಿಬಿಡ್ತೀನಿ, ಶುಕ್ರವಾರ ದುಧನಿ ವ್ಯಾಪಾರಿ ಬಂದು ಒಯ್ತಾನ. ಅವಗ ಬದನಿಕಾಯಿ ಕ್ರೇಟ್ ಹೊರಾಕ ಗಾಡಿ ಬೇಕಾಗೇತಿ."

"ನಿಂದರಲಿಲ್ಲಂದ್ರರಿ?"

"ನಿಂದರಲಿಲ್ಲಂದ್ರ, ಏನ ಬಿಗಡಿಸಿತ್ತು ಅನ್ನೂದು ನನಗ ತಿಳೀಬೇಕು. ನೀ ಮಾಡಿದ ಆಪರೇಶನ್‌ದಿಂದನ ಬಿಗಡಿಸಿದ್ರ, ಆ ಟರ್ಬೊ ಗಿರ್ಬೊ ಎಲ್ಲಾ ತಗಸಿ ಮೊದಲ ಹೆಂಗಿತ್ತ ಹಂಗ ಮಾಡಬೇಕು."

ಶೀತಲ ಗಾಡಿಯ ಕಡೆ ನೋಡಿದಳು. ಬದನೆಕಾಯಿ ಹೊರುವ ಗಾಡಿಯೇ ಅದು? ಸೊಲ್ಲಾಪುರದ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಟವೆಲ್ ಕಾರ್ಖಾನೆಯ ಮಗ್ಗಗಳನ್ನು ರಿಪೇರಿ ಮಾಡುತ್ತ, ಸಂಬಳ ಕೂಡಿಸಿ, ಹಳೆಯ ಡೀಸೆಲ್ ಕಾರೊಂದನ್ನು ಕೊಂಡು, ರಜೆ ರಜೆಗೂ ಅದರ ಹೊಟ್ಟೆ ಬಿಚ್ಚಿ ತಾನೇ ಕಟ್ಟಿದ್ದಳು. ಗಾಳಿ ತುಂಬುವ ಟರ್ಬೊ ಮೊದಲಿನದಕ್ಕಿಂತ ದೊಡ್ಡದು ಹಾಕಿದ್ದಳು. ಡೀಸೆಲ್ಲನ್ನು ಮಂಜಿನ ಹಾಗೆ ಸಿಂಪಡಿಸಿ ಇಂಜಿನ್ನಿಗೆ ಉಣಿಸುವ ಇಂಜೆಕ್ಟರುಗಳಿಗೆ ಯುಗಾದಿಯ ಹೊತ್ತಿಗೆ ದೊಡ್ಡ ನಾಝಲ್ ಕೂಡಿಸಿದ್ದಳು. ಅದಾದ ಮೇಲೆ ಗಾಡಿ ಕುಂಭಾರಿಯ ನೇರ ರಸ್ತೆಯಲ್ಲಿ ಹಾರುವುದೊಂದು ಬಾಕಿ. ಅಂಥ ಗಾಡಿ ಈಗ ಬೆಳಗಾದರೆ ಕೆಮ್ಮುತ್ತದೆ.

ಕೆಮ್ಮು ಶುರುವಾದದ್ದು ನಾಝಲ್ ಕೂಡಿಸಿದ ವಾರದಿಂದಲೇ. ಹಾಗಾಗಿ ತಪ್ಪು ತನ್ನದೇ ಎಂಬ ಅನುಮಾನ ಅವಳಿಗೂ ಒಳಗೊಳಗೆ ಇತ್ತು. ಅದನ್ನು ಬಾಯಿಬಿಟ್ಟು ಹೇಳುವಷ್ಟು ದಡ್ಡಿ ಅವಳಲ್ಲ.

ಕಟ್ಟೆಯ ಮೇಲೆ ಕೂತ ಧರ್ಮರಾಜನ ಅಪ್ಪ, ಶೀತಲಳ ಮುತ್ಯಾ ಚನ್ನವೀರಪ್ಪ ಎಲ್ಲ ಕೇಳಿಸಿಕೊಂಡು, ಎಲೆ ಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, "ಗಾಡಿ ಚೊಲೊ ಐತಿ, ಮಾಡಾವ್ರ ಕೈ ಚೊಲೊ ಇರಬೇಕು" ಎಂದ. ಅದು ಯಾರಿಗೆ ಹೇಳಿದ್ದು ಎಂದು ಯಾರಿಗೂ ತಿಳಿಯಲಿಲ್ಲ.

ಯಂತ್ರದ ವಿಷಯದಲ್ಲಿ ಮುತ್ಯಾನಿಗೆ ಮಾತಾಡುವ ಹಕ್ಕಿತ್ತು. ಬಾವಿಯ ಮೇಲಿದ್ದ ಡೀಸೆಲ್ ಇಂಜಿನ್ನನ್ನು ಹರೆಯದಿಂದ ಮುಪ್ಪಿನವರೆಗೆ ನಡೆಸಿದವನು. ಅದರ ಡುಗುಡುಗು ಕೇಳಿ ವಳಸಂಗದ ಹೆಂಗಸರು ನೀರಿಗೆ ಬರುತ್ತಿದ್ದರು. ಕರೆಂಟಿನ ಮೋಟರು ಬಂದ ಮೇಲೆ ಧರ್ಮರಾಜ ಆ ಇಂಜಿನ್ನನ್ನು ಗುಜರಿಗೆ ಹಾಕಿದ. ಮುತ್ಯಾ ಆವತ್ತು ಅದನ್ನು ತಿರುವಿ ಚಾಲೂ ಮಾಡುವ ಕಬ್ಬಿಣದ ಹ್ಯಾಂಡಲ್ ಮಾತ್ರ ಗುಜರಿಯವನ ಕೈಯಿಂದ ಕಿತ್ತುಕೊಂಡು ಬಂದು ಪಡಸಾಲೆಯ ಮೊಳೆಗೆ ತೂಗು ಹಾಕಿದ. ಆಮೇಲೆ ಟ್ರ್ಯಾಕ್ಟರಿನ ಕೀಲಿಕೈ ಮಗನ ಜೇಬಿಗೆ ಹೋಯಿತು, ಮೋಟರಿನ ಬಟನ್ನು ಆಳಿನ ಕೈಗೆ ಹೋಯಿತು. ಮುತ್ಯಾನ ಪಾಲಿಗೆ ಕಟ್ಟೆ ಉಳಿಯಿತು.

ಆ ರಾತ್ರಿ ಊಟಕ್ಕೆ ಕೂತಾಗ ಇನ್ನೊಂದು ಜಗಳ ಕಾದಿತ್ತು. ಶೇಂಗಾ ಚಟ್ನಿಯ ಮೇಲೆ ಎಣ್ಣೆ ಇರಲಿಲ್ಲ. ಬದನೆಕಾಯಿ ಪಲ್ಯ ನೀರಿನಲ್ಲಿ ಬೆಂದು ಬೆಳ್ಳಗೆ ಕೂತಿತ್ತು.

"ಗಾಣದಿಂದ ಹೊಸಾ ಕುಸುಬಿ ಎಣ್ಣಿ ಬಂದು ಎಷ್ಟ ದಿನ ಆತು? ಡಬ್ಬಿ ಆಗಲೇ ತಳಾ ಕಾಣಾಕತ್ತೇತಿ" ಎಂದಳು ಆಯಿ, ಸೊಸೆಯ ಕಡೆ ನೋಡದೆ ಗೋಡೆಗೆ.

"ನಾ ಏನ ಎಣ್ಣ್ಯಾಗ ಜಳಕಾ ಮಾಡ್ತೀನೇನ್ರಿ ಅತ್ತಿ?" ಶೀತಲಳ ಅವ್ವ ಮನೀಷಾ ಕೂಡ ಗೋಡೆಗೇ ಹೇಳಿದಳು. "ನೀರಾಗ ಕುದಸಿ ಹಾಕಾಕತ್ತೀನಿ. ಡಬ್ಬೀಗೆ ಕೀಲಿ ಹಾಕ್ರಿ ಬೇಕಂದ್ರ."

"ಹಾಕೀನಲ್ಲ. ನಡಕ ಎರಡ ದಿನ ಹಾಕಿದ್ದೆ. ನೀನ ಅಳತಿ ಅಂತ ತಗದೆ."

ಧರ್ಮರಾಜ ಬಿಳಿ ಪಲ್ಯವನ್ನು ನೋಡಿದ, ರೊಟ್ಟಿ ಮುರಿದ. ಶೀತಲಳ ತಲೆ ತುಂಬ ನಾಝಲ್ಲು. ಎಣ್ಣೆಯ ಡಬ್ಬಿಗೂ ತನಗೂ ಏನು ಸಂಬಂಧ ಎಂದುಕೊಂಡಳು. ಮುತ್ಯಾ ಮಾತ್ರ ಅಂದು ಬೇಗ ಊಟ ಮುಗಿಸಿ ಎದ್ದ.

ಶೀತಲ ಕಾರ್ಖಾನೆಗೆ ರಜೆ ಹಾಕಿ ಗಾಡಿಯನ್ನು ಕೈಲಾಸನ ಅಂಗಡಿಗೆ ಒಯ್ದಳು. ಅಕ್ಕಲಕೋಟೆ ರಸ್ತೆಯ ಎಂಐಡಿಸಿಯಲ್ಲಿ ಡೀಸೆಲ್ ಪಂಪು, ಇಂಜೆಕ್ಟರು ರಿಪೇರಿ ಮಾಡುವವನು ಕೈಲಾಸ. ಕೈ ಎಷ್ಟು ಚುರುಕೋ ಬಾಯಿ ಅದಕ್ಕಿಂತ ಚುರುಕು. ಅಂಗಡಿಯ ಮಗ್ಗುಲಲ್ಲೇ ಕಸ್ತೂರಬಾಯಿಯ ಭಜಿ ಗಾಡಿ. ಅವಳ ಬಾಣಲೆ ಆರುವುದನ್ನು ಕಂಡವರಿಲ್ಲ. ಕೈಲಾಸನ ಗಿರಾಕಿಗಳೆಲ್ಲ ಗಾಡಿ ರಿಪೇರಿಗೆ ಬಂದು ಹೊಟ್ಟೆ ತುಂಬಿಸಿಕೊಂಡು ಹೋಗುತ್ತಿದ್ದರು.

"ಬಂದ್ಲು ನೋಡ್ರಿ ಪೇಷಂಟ್" ಎಂದ ಕೈಲಾಸ. "ಈ ಗಾಡೀದು ಒಂದು ಮಜಾ ಐತಿ ಶೀತಲಕ್ಕ. ಇಲ್ಲಿದ್ರ ಠಣಠಣೀತ. ನಿಮ್ಮೂರಿಗೆ ಹೋತಂದ್ರ ವಾರದಾಗ ಜಡ್ಡ. ಇದಕ್ಕ ವಳಸಂಗದ ಹವಾ ಒಗ್ಗವಲ್ದು."

"ಹವಾ ಅಲ್ಲ ಕೈಲಾಸ ಮಾಮಾ, ನನ್ನ ನಾಝಲ್ ಅಂತ ಅನಸಾಕತ್ತೇತಿ."

"ನೀ ಡಾಕ್ಟರ್ ಆಗಿ ಪೇಷಂಟ್‌ನ ಬೈಬ್ಯಾಡ. ಮೊದಲ ಪರೀಕ್ಷಾ ಮಾಡೋಣು."

ಸ್ಕ್ಯಾನರ್ ಹಚ್ಚಿದರು. ಇಂಜೆಕ್ಟರುಗಳ ಹೊಟ್ಟೆಗೆ ಸಾಕಷ್ಟು ಡೀಸೆಲ್ ಒತ್ತಡ ಸಿಗುತ್ತಿಲ್ಲ ಎಂದಿತು ಅದು. ಟರ್ಬೊದ ಪೈಪುಗಳಿಗೆ ಸಾಬೂನು ನೊರೆ ಸವರಿ ಗಾಳಿ ಸೋರುತ್ತದೆಯೇ ನೋಡಿದರು, ಒಂದು ಗುಳ್ಳೆಯೂ ಏಳಲಿಲ್ಲ. ಆಮೇಲೆ ಕೈಲಾಸ ಒಂದೊಂದು ಇಂಜೆಕ್ಟರಿನ ವಾಪಸು ನಳಿಕೆಗೆ ಒಂದೊಂದು ಸಣ್ಣ ಬಾಟಲಿ ಕಟ್ಟಿ ಇಂಜಿನ್ ಚಾಲೂ ಮಾಡಿದ. ಸರಿಯಿದ್ದ ಇಂಜೆಕ್ಟರು ಸ್ವಲ್ಪವೇ ಡೀಸೆಲ್ ವಾಪಸು ಬಿಡುತ್ತದೆ, ಕೆಟ್ಟದ್ದು ಬಾಟಲಿ ತುಂಬಿಸುತ್ತದೆ. ಇಲ್ಲಿ ಬಾಟಲಿಗಳೆಲ್ಲ ಪೈಪೋಟಿಗೆ ಬಿದ್ದವರಂತೆ ತುಂಬಿದವು.

"ಎಲ್ಲಾನೂ ಒಮ್ಮೆಲೆ ಕೆಡೂದು ನಾ ನೋಡಿಲ್ಲ" ಎಂದು ಕೈಲಾಸ ಟೋಪಿ ತೆಗೆದು ತಲೆ ಕೆರೆದುಕೊಂಡ. ಎರಡು ದಿನ ಹಿಡಿದು ಇಂಜೆಕ್ಟರುಗಳನ್ನು ಬಿಚ್ಚಿ, ತೊಳೆದು, ಮತ್ತೆ ಕೂಡಿಸಿದ. ಶೀತಲಳ ನಾಝಲ್ಲನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಅದರಲ್ಲಿ ತಪ್ಪಿರಲಿಲ್ಲ. ಗೋಂದಿನಂಥದೇನೋ ಒಳಗೆ ಹತ್ತಿಕೊಂಡಿತ್ತು, ಅಷ್ಟೆ.

ಮಂಗಳವಾರ ಮಧ್ಯಾಹ್ನ ಪರೀಕ್ಷೆಗೆಂದು ಇಂಜಿನ್ ಚಾಲೂ ಮಾಡಿ ಇಬ್ಬರೂ ಕಿವಿಗೊಟ್ಟು ನಿಂತರು. ಶೀತಲಳಿಗೆ ಹಸಿವಾಯಿತು.

"ಮಾಮಾ, ಮಿರ್ಚಿ ಭಜಿ ತಗೊಂಡ ಬರ್ಲಿ?"

"ಕಸ್ತೂರಬಾಯಿ ಇಲ್ಲ ಇವತ್ತ. ನಂದೇಶ್ವರಕ್ಕ ತಂಗಿ ಮಗಳ ಮದಿವಿಗೆ ಹೋಗ್ಯಾಳ."

"ಮತ್ತ ವಾಸನಿ?"

ಕೈಲಾಸ ಮೂಗು ಏರಿಸಿದ. ಕಸ್ತೂರಬಾಯಿಯ ಗಾಡಿಗೆ ಗೋಣಿಚೀಲ ಹೊದಿಸಿತ್ತು. ಒಲೆ ತಣ್ಣಗಿತ್ತು. ಆದರೂ ಬಾಣಲೆಗೆ ಭಜಿ ಬಿಟ್ಟ ಹೊತ್ತಿನ ವಾಸನೆ ಅಂಗಡಿ ತುಂಬ ತಿರುಗುತ್ತಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ವಾಸನೆಯ ಬೆನ್ನು ಹತ್ತಿದರು. ವಾಸನೆ ಗಾಡಿಯ ಹಿಂಬದಿಗೆ ಹೋಯಿತು, ಬಗ್ಗಿತು, ಹೊಗೆ ಕೊಳವೆಯ ಬಾಯಲ್ಲಿ ಬಂದು ನಿಂತಿತು. ದೊಡ್ಡ ಟರ್ಬೊದ ಮೇಲೆ ಜಂಬ ಕೊಚ್ಚಿದ್ದ ಗಾಡಿ ಅಲ್ಲಿಂದ ಈರುಳ್ಳಿ ಭಜಿಯ ಘಮ ಬಿಡುತ್ತಿತ್ತು.

"ಅರೆ ದೇವಾ" ಎಂದು ಕೈಲಾಸ ನೆಲಕ್ಕೇ ಕೂತ. "ಇಷ್ಟ ದಿನಾ ಇದರ ವಾಸನಿ ತಗೊಂಡು ಆಕಿ ಭಜಿ ತಿಂದೀನಲ್ಲ."

ಡೀಸೆಲ್ ಫಿಲ್ಟರ್ ಬಿಚ್ಚಿ ಕೊಯ್ದರು. ಹಿಂದೆ ಬದಲಿಸಿದ ಫಿಲ್ಟರುಗಳನ್ನು ಶೀತಲ ಕೊಯ್ದು ನೋಡದೆ ಹಾಗೆಯೇ ಎಸೆದಿದ್ದಳು. ಈಗ ಒಳಗಿನ ಮಡಿಕೆಗಳ ತುಂಬ ಬೆಲ್ಲದ ಪಾಕದ ಬಣ್ಣದ ಅಂಟು. ಕೈಲಾಸ ಮೂಸಿ, "ಪಂಪಿನವ್ರು ಕಲಬೆರಕಿ ಮಾಡ್ಯಾರ" ಎಂದು ಬೈಗುಳಕ್ಕೆ ಸಜ್ಜಾದ. ಶೀತಲ ಬೆರಳಿಗೆ ಹಚ್ಚಿಕೊಂಡು ಮೂಸಿದಳು. ಅವಳ ಕೈ ಮೂಗಿನ ಹತ್ತಿರವೇ ನಿಂತಿತು. ಹುಟ್ಟಿದಾಗಿನಿಂದ ಚಟ್ನಿಯ ಮೇಲೆ ಹಾಕಿಸಿಕೊಂಡು ತಿಂದ ವಾಸನೆ ಅದು.

"ಮಾಮಾ, ಇದು ಕುಸುಬಿ ಎಣ್ಣಿ. ಗಾಣದ್ದು."

"ಕುಸುಬಿ ಎಣ್ಣಿ?" ಕೈಲಾಸ ನಕ್ಕ. "ಡೀಸೆಲ್‌ಕ್ಕಿಂತ ಎಷ್ಟ ತುಟ್ಟಿ ಅದು. ಕಳ್ಳರು ಸೋವಿದು ಬೆರಸ್ತಾರ, ತುಟ್ಟಿದಲ್ಲ. ಇದು ಕಳ್ಳರ ಕೆಲಸ ಅಲ್ಲ ಶೀತಲಕ್ಕ. ಯಾರೋ ಇದರ ಮ್ಯಾಲ ಜೀವ ಇಟ್ಟಾವ್ರದು."

ತಳ ಕಾಣುವ ಡಬ್ಬಿ, ಬೆಳ್ಳನೆಯ ಪಲ್ಯ, ಬೇಗ ಎದ್ದುಹೋದ ಮುತ್ಯಾ, ಎಲ್ಲವೂ ಅವಳ ಕಣ್ಣ ಮುಂದೆ ಸಾಲಾಗಿ ಬಂದು ಕೂತವು.

ತಾತ್ಕಾಲಿಕವಾಗಿ ಒಂದು ಫಿಲ್ಟರ್ ಹಾಕಿಸಿ ಆ ರಾತ್ರಿ ಗಾಡಿಯನ್ನು ಮನೆಗೆ ತಂದು ನಿಲ್ಲಿಸಿದಳು. ಬುಧವಾರ ಬೆಳಕು ಹರಿಯುವ ಮೊದಲೇ ಎದ್ದು ಹಿತ್ತಲ ಬಾಗಿಲ ಸಂದಿಯಲ್ಲಿ ನಿಂತಳು. ಅವ್ವ ಎಮ್ಮೆ ಹಿಂಡಲು ಕೊಟ್ಟಿಗೆಗೆ ಹೋದ ಕೂಡಲೇ ಮುತ್ಯಾ ಅಡುಗೆಮನೆಯಿಂದ ಹೊರಬಂದ. ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಮುತ್ತುಗದೆಲೆ. ಗಾಡಿಯ ಹತ್ತಿರ ಹೋಗಿ, ಡೀಸೆಲ್ ಮುಚ್ಚಳ ತಿರುವಿ, ಎಲೆಯನ್ನು ಲಾಳಿಕೆಯ ಹಾಗೆ ಸುತ್ತಿ, ಕೂಸಿಗೆ ಒಳಲೆಯಲ್ಲಿ ಹಾಲು ಹಾಕುವವನ ನಿಧಾನದಲ್ಲಿ ಎಣ್ಣೆ ಬಿಟ್ಟ. ಒಂದು ಹನಿ ಕೆಳಗೆ ಬೀಳಲಿಲ್ಲ. ಕೊನೆಗೆ ಹೆಗಲ ಟವೆಲ್ಲಿನಿಂದ ಮುಚ್ಚಳ ಒರೆಸಿ, ಗಾಡಿಯ ಬೆನ್ನು ತಟ್ಟಿ, "ಕುಡಿ ಮಗಳ. ನಾಳಿ ಆಯಿನ್ನ ಕರಕೊಂಡು ಹೋಗಬೇಕು ನೀ. ನನ್ನ ಮರ್ಯಾದಿ ಕಳಿಬ್ಯಾಡ" ಎಂದ.

ಶೀತಲಳಿಗೆ ಆಗ ನೆನಪಾಯಿತು. ನಾಝಲ್ ಕೂಡಿಸಿದ ದಿನ ಹಿಗ್ಗಿನಲ್ಲಿ ತಾನೇ ಬಂದು ಹೇಳಿದ್ದಳು: "ಮುತ್ಯಾ, ಇದು ನಿನ್ನ ಇಂಜಿನ್‌ದ ಮೊಮ್ಮಗಳು. ಇನ್ನ ಮ್ಯಾಲ ಭಾಳ ತಿಂತಾಳ ನೋಡು." ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಗಾಣದಿಂದ ಹೊಸ ಎಣ್ಣೆ ಬಂದರೆ ಮೊದಲ ಮಾಪು ಒಲೆಗಲ್ಲ, ದೇವರ ದೀಪಕ್ಕೂ ಅಲ್ಲ, ಬಾವಿಯ ಇಂಜಿನ್ನಿಗೆ. ಹೊಲಕ್ಕೆ ನೀರು ಕುಡಿಸಿ ಕುಸುಬಿ ಬೆಳೆಸಿದ್ದು ಅದು, ಮೊದಲ ತುತ್ತು ಅದರದ್ದು. ಆ ದಪ್ಪ ಚರ್ಮದ ಇಂಜಿನ್ನು ಕೊಟ್ಟದ್ದನ್ನೆಲ್ಲ ಕುಡಿದು ಡುಗುಡುಗು ಎನ್ನುತ್ತಿತ್ತು. ಅದು ಗುಜರಿಗೆ ಹೋದ ಮೇಲೆ ಮೊದಲ ಮಾಪಿಗೆ ವಾರಸುದಾರರಿರಲಿಲ್ಲ. ಈಗ ಇಂಜಿನ್ನಿನ ಮೊಮ್ಮಗಳಾಗಿ ಈ ಗಾಡಿ ಬಂತು, ಮುತ್ಯಾ ಅದರ ಪಾಲು ಅದಕ್ಕೆ ಕೊಟ್ಟ.

ಹಿಡಿದು ಕೇಳಬೇಕೆಂದು ಬಂದವಳು ಬಾಗಿಲ ಸಂದಿಯಿಂದ ಹಿಂದೆ ಸರಿದಳು. ಅಪ್ಪನಿಗೆ ಗೊತ್ತಾದರೆ ಏನಾಗುತ್ತದೆ ಎಂಬುದೂ ತಿಳಿದಿತ್ತು. "ಇನ್ನ ನೀವು ಯಾವ ಮಷಿನ್‌ಕೂ ಕೈ ಹಚ್ಚಬ್ಯಾಡ್ರಿ" ಎಂಬ ಠರಾವು ಬೀಳುತ್ತಿತ್ತು. ಕಟ್ಟೆಯೊಂದು ಉಳಿದವನಿಗೆ ಗಾಡಿಯ ಬೆನ್ನು ತಟ್ಟುವುದೂ ತಪ್ಪುತ್ತಿತ್ತು. ಅವಳು ಸದ್ದಿಲ್ಲದೆ ಒಳಗೆ ಹೋಗಿ ಮತ್ತೆ ಹಾಸಿಗೆಯಲ್ಲಿ ಬಿದ್ದುಕೊಂಡಳು.

ಅಂದು ಗಾಡಿಯನ್ನು ಮತ್ತೆ ಅಂಗಡಿಗೆ ಒಯ್ದಾಗ ಕೈಲಾಸ ಟ್ಯಾಂಕ್ ಪೂರ್ತಿ ಬರಿದು ಮಾಡಿ ತೊಳೆದ, ನಳಿಕೆಗಳಿಗೆ ಗಾಳಿ ಹೊಡೆದ, ಹೊಸ ಫಿಲ್ಟರ್ ಹಾಕಿದ. ಶೀತಲ ಬೀಗವಿರುವ ಡೀಸೆಲ್ ಮುಚ್ಚಳ ಕೊಂಡು ತಂದು ಕೂಡಿಸಿದಳು. ಎರಡು ಕೀಲಿಕೈ ಬಂದವು, ಎರಡನ್ನೂ ತನ್ನ ಗೊಂಚಲಿಗೆ ಸಿಕ್ಕಿಸಿಕೊಂಡಳು. ಮುತ್ಯಾನಿಗೆ ಒಂದು ಮಾತೂ ಹೇಳದೆ ಕೆಲಸ ಮುಗಿಯುತ್ತದೆ ಎಂಬುದು ಅವಳ ಲೆಕ್ಕ.

ಗುರುವಾರ ಆಯಿ ಹೊಸ ಹಾರ ಹಿಡಿದು ಹಿಂದಿನ ಸೀಟಿನಲ್ಲಿ ಕೂತಳು. "ಆಡು ಇಲ್ಲಲ್ಲ?" ಎಂದು ಒಮ್ಮೆ ಹಿಂದೆ ತಿರುಗಿ ನೋಡಿದಳು. ಗಾಡಿ ಕೆಮ್ಮಲಿಲ್ಲ, ನಡುಗಲಿಲ್ಲ. ಹಿಂದೆ ನಿಂತುಹೋಗಿದ್ದ ಜಾಗ ಬಂದಾಗ ಶೀತಲ ಗೇರ್ ಇಳಿಸಿ ಇಂಜಿನ್ನಿಗೆ ಕಿವಿಗೊಟ್ಟಳು. ಅದೂ ದಾಟಿತು. ಆಯಿ ಇಡೀ ಹಾರವನ್ನು ಸ್ವಾಮಿಗಳಿಗೆ ಅರ್ಪಿಸಿ, ಪ್ರಸಾದ ಕಟ್ಟಿಸಿಕೊಂಡು, ವಾಪಸು ಬರುವಾಗ ನಿದ್ದೆಯನ್ನೂ ತೆಗೆದಳು.

ಅಂಗಳದಲ್ಲಿ ಕುರ್ಚಿ ಮೊದಲೇ ಬಿದ್ದಿತ್ತು.

"ನಿಂದರಲಿಲ್ಲ. ಆತು" ಎಂದ ಧರ್ಮರಾಜ. "ಇನ್ನ ಹೇಳು, ಏನ ಬಿಗಡಿಸಿತ್ತು?"

ಶೀತಲ ಕಟ್ಟೆಯ ಕಡೆ ನೋಡಿದಳು. ಮುತ್ಯಾ ಗಾಡಿಯನ್ನೇ ನೋಡುತ್ತಿದ್ದ. ಖರೆ ಹೇಳಿದರೆ ಗಾಡಿ ತಾನು ಕಟ್ಟಿದ ಹಾಗೆಯೇ ಉಳಿಯುತ್ತದೆ. ಅದನ್ನು ಕಟ್ಟಲು ಕಳೆದ ಭಾನುವಾರಗಳೆಲ್ಲ ನೆನಪಾಗಿ ಅವಳಿಗೆ ಅಳು ಬಂತು. ಆದರೂ ಹೇಳಿದಳು.

"ನಂದ ತಪ್ಪರಿ ಅಪ್ಪಾ. ನಾಝಲ್ ದೊಡ್ಡೂ ಹಾಕಿದ್ದೆ."

"ನನಗ ಗೊತ್ತಿತ್ತು. ನಾಳಿನ ತಗಸು ಎಲ್ಲಾ."

ಕಟ್ಟೆಯಿಂದ ಎಲೆ ಅಡಿಕೆ ಉಗುಳಿದ ಸದ್ದಾಯಿತು. ಚನ್ನವೀರಪ್ಪ ಎದ್ದು ನಿಂತಿದ್ದ. ಮುಖ ಕೆಂಪಾಗಿತ್ತು.

"ಏ ಧರ್ಮಾ, ಆ ಹುಡಿಗಿಗೆ ಏನ ಗೊತ್ತೈತಿ? ಸುಳ್ಳ ಹೇಳಾಕತ್ತಾಳ. ಗಾಡಿ ಇವತ್ತ ಹೋಗಿ ಬಂತಲ್ಲ, ಯಾರಿಂದ ಬಂತು? ಯುಗಾದಿಯಿಂದ ದಿನಾ ಮುಂಜಾನಿ ಒಂದ ತಂಬಿಗಿ ಕುಸುಬಿ ಎಣ್ಣಿ ಹಾಕಿ ಸಂಬಾಳಿಸೇನಿ ನಾ. ಹೋದ ವಾರ ನಿಂತಿದ್ದು ಯಾಕ ಹೇಳ್ಲಿ? ನಿಮ್ಮವ್ವ ಎಣ್ಣಿ ಡಬ್ಬೀಗೆ ಕೀಲಿ ಹಾಕಿದ್ಲು, ಎರಡ ದಿನ ಉಪವಾಸ ಬಿದ್ದಿತ್ತು ಪಾಪ. ನಿನ್ನಿ ಹೊಟ್ಟಿ ತುಂಬ ಹಾಕೀನಿ, ಇವತ್ತ ಹೆಂಗ ಓಡ್ತು ನೋಡಿದೇನು?"

ಎಮ್ಮೆಯೊಂದು ಕಿವಿ ಝಾಡಿಸಿತು. ಬಾಗಿಲಲ್ಲಿ ನಿಂತ ಮನೀಷಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಪಾರ್ವತಿಬಾಯಿ ಗಂಡನನ್ನು ನೋಡಿದಳು, ಗೋಡೆಯನ್ನು ನೋಡಿದಳು, ಕೊನೆಗೆ ಈ ವರ್ಷದಲ್ಲಿ ಮೊದಲ ಸಲ ಎಂಬಂತೆ ಸೊಸೆಯ ಮುಖವನ್ನೇ ನೋಡಿದಳು.

"ಮನೀಷಾ, ಇವತ್ತ ಬದನಿಕಾಯಿಗೆ ಎಣ್ಣಿ ಚೊಲೊತ್ನಂಗ ಹಾಕವ್ವ."

ಧರ್ಮರಾಜ ಮಗಳ ಕಡೆ ತಿರುಗಿದ. "ನಿನಗ ಗೊತ್ತಿತ್ತು?"

ಅವಳು ತಲೆ ತಗ್ಗಿಸಿದಳು. ಅವನು ಪಡಸಾಲೆಯ ಮೊಳೆಗೆ ತೂಗುತ್ತಿದ್ದ ಹ್ಯಾಂಡಲನ್ನು ಬಹಳ ಹೊತ್ತು ನೋಡಿದ. ಆಮೇಲೆ ಕುರ್ಚಿ ಮಡಚಿಕೊಂಡು, "ಟರ್ಬೊ ಇರ್ಲಿ. ದುಧನಿಯವಗ ಬರಬ್ಯಾಡಂತ ನಾ ಫೋನ್ ಮಾಡ್ತೀನಿ" ಎಂದು ಒಳಗೆ ಹೋದ. ಠರಾವಿಗೆ ತಿದ್ದುಪಡಿ ಬಂದದ್ದನ್ನು ಆ ಮನೆ ಅಂದೇ ಕಂಡಿತು.

ಖರೆ ಹೇಳುವ ಕೆಲಸ ಇನ್ನೂ ಬಾಕಿ ಇತ್ತು. ಶೀತಲ ಕಟ್ಟೆಯ ಮೇಲೆ ಮುತ್ಯಾನ ಮಗ್ಗುಲಿಗೆ ಕೂತಳು.

"ಮುತ್ಯಾ, ಎಣ್ಣಿ ಇದಕ್ಕ ನಡೆಯಂಗಿಲ್ಲ. ಇದರ ಬಾಯಿ ಕೂದಲೆಳಿಕಿಂತ ಸಣ್ಣದು. ಎಣ್ಣಿ ಹೋಗಿ ಅಂಟ ಆಗಿ ಕುಂತಿತ್ತು. ಕೆಮ್ಮಿದ್ದು ಅದಕ್ಕ."

ಮುತ್ಯಾನ ಮುಖದ ಕೆಂಪು ಇಳಿಯಿತು. ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ.

"ಮತ್ತ ನನ್ನ ಇಂಜಿನ್‌ದ ಮೊಮ್ಮಗಳು ಅಂದಿದ್ದಿಯಲ್ಲ."

"ಮೊಮ್ಮಗಳ ಹೌದು. ಹೊಟ್ಟಿ ಅಷ್ಟ ನಾಜೂಕ." ಗೊಂಚಲಿನಿಂದ ಒಂದು ಕೀಲಿಕೈ ಬಿಡಿಸಿ ಅವನ ಅಂಗೈಯಲ್ಲಿಟ್ಟಳು. "ಡೀಸೆಲ್ ಮುಚ್ಚಳದ್ದು ಇದು. ಇನ್ನ ಮ್ಯಾಲ ಇದರ ಬಾಯಾಗ ಏನ ಹೋದ್ರೂ ನೀ ತಗದು ಕೊಟ್ರನ ಹೋಗಬೇಕು. ನಾ ಬಂದು ಕೇಳಿದ್ರೂ ವಿಚಾರ ಮಾಡಿ ಕೊಡು."

ಮುತ್ಯಾ ಕೀಲಿಕೈಯನ್ನು ಬೆಳಕಿಗೆ ಹಿಡಿದು ಹಲ್ಲುಗಳನ್ನು ಪರೀಕ್ಷಿಸಿದ. ಧೋತರದ ಅಂಚು ಸರಿಸಿ ಉಡದಾರಕ್ಕೆ ಬಿಗಿದು ಕಟ್ಟಿಕೊಂಡ.

"ಇದೊಂದೇನು ಕೀಲಿ?"

"ಇದೊಂದ."

ಮರುದಿನದಿಂದ ಗಾಡಿಗೆ ಡೀಸೆಲ್ ಬೇಕೆಂದರೆ ಮುಂದಿನ ಸೀಟಿನಲ್ಲಿ ಮುತ್ಯಾ ಬೇಕು. ತೊಳೆದ ಅಂಗಿ ತೊಟ್ಟು, ಟೋಪಿ ಇಟ್ಟು, ಕಿಟಕಿಯಲ್ಲಿ ಮೊಣಕೈ ಹೊರಗೆ ಹಾಕಿ ಕೂರುತ್ತಾನೆ. ಪಂಪಿನಲ್ಲಿ ಇಳಿದು ಉಡದಾರ ಹುಡುಕುವಷ್ಟರಲ್ಲಿ ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತವೆ. ಅವನಿಗೆ ಅದರ ಪರಿವೆ ಇಲ್ಲ. ಮೊದಲು ಪಂಪಿನ ಹುಡುಗಿಯಿಂದ ಅಂಗೈಗೆ ಒಂದು ಹನಿ ಡೀಸೆಲ್ ಹಾಕಿಸಿಕೊಂಡು, ಉಜ್ಜಿ, ಮೂಸಿ, ಆಮೇಲೆ "ಹಾಂ, ಹಾಕವ್ವ" ಎನ್ನುತ್ತಾನೆ. ವಾಪಸು ಬರುವಾಗ ಕುಂಭಾರಿಯ ನೇರ ರಸ್ತೆ ಸಿಕ್ಕರೆ, "ಟರ್ಬೊ ಅಂದ್ರ ಏನ ಅದು, ಸ್ವಲ್ಪ ತೋರಸು" ಎಂದು ಟೋಪಿ ಹಿಡಿದುಕೊಳ್ಳುತ್ತಾನೆ.

ಒಮ್ಮೆ ಅಂಗಡಿಗೆ ಹೋದಾಗ ಕೈಲಾಸ ಗಲ್ಲಾಪೆಟ್ಟಿಗೆಯಿಂದ ಏನೋ ತೆಗೆದು ತೋರಿಸಿದ. "ಶೀತಲಕ್ಕ, ನಿನ್ನ ಮುಚ್ಚಳದ ಎರಡನೇ ಕೀಲಿ ಹೋದ ಸಲ ಬಂದಾಗ ಇಲ್ಲೇ ಬಿಟ್ಟ ಹೋಗೀದಿ. ಒಯ್ಯೂದಿಲ್ಲೇನು?"

ಹೊರಗೆ ಮುತ್ಯಾ ಕಸ್ತೂರಬಾಯಿಗೆ ಬಾಣಲೆಯ ಎಣ್ಣೆ ಯಾವುದು, ಎಷ್ಟು ಸಲ ಕಾಸಿದ್ದು ಎಂದು ವಿಚಾರಣೆ ನಡೆಸಿದ್ದ.

"ಬಿಟ್ಟ ಹೋಗಿಲ್ಲ ಮಾಮಾ, ಇಟ್ಟ ಹೋಗೀನಿ" ಎಂದಳು ಶೀತಲ. "ನಿಮ್ಮ ಹತ್ರನ ಇರ್ಲಿ. ನಾ ಕೇಳಿದ್ರೂ ಕೊಡಬ್ಯಾಡ್ರಿ."